ಗಜದ ಮೇಲಿನ ಎರಡು ಗೀರು

ನಮ್ಮ ಅಜ್ಜ ಮಹಾ ಮಾತುಗಾರರು. ಬೆಳಗಿನ ಕಾಫಿಗೆ ತೊಡಗಿದ ಮಾತು ರಾತ್ರಿಯ ಊಟಕ್ಕೂ ಮುಗಿಯದು. ಅಂಥವರು ಕೋವಿಗೆ ಮದ್ದು ತುಂಬಲು ಕುಳಿತಾಗ ಮಾತ್ರ ಮೂಗರಾಗಿಬಿಡುವರು. ಯಾರು ಕರೆದರೂ ಓಗೊಡರು. ಅಜ್ಜಿ ಇದಕ್ಕೆ ‘ಮದ್ದಿನ ಮೌನವ್ರತ’ವೆಂದು ಹೆಸರಿಟ್ಟಿದ್ದರು. ನಾನೂ ನಕ್ಕವಳೇ.

ಕೊಡಗಿನ ಹೊರಗಿನ ಸಹಪಾಠಿಗಳಿಗಾಗಿ ಒಂದು ಮಾತು. ಕೋವಿಗೆ ಪರವಾನಗಿ ಪಡೆಯಬೇಕೆಂಬ ನಿಯಮದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ವಿನಾಯಿತಿಯುಂಟು. 2019ರಲ್ಲಿ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಮದ್ದು ಮಾತ್ರ ಯಾರಿಗೂ ವಿನಾಯಿತಿ ಕೊಟ್ಟಿಲ್ಲ.

ನಮ್ಮದು ಕೇಪಿನ ಕೋವಿ. ನಳಿಗೆಯ ಬಾಯಿಂದಲೇ ಕರಿಮದ್ದು ಸುರಿದು, ತೆಂಗಿನ ನಾರನ್ನು ಗಜವೆಂಬ ಉದ್ದನೆಯ ಕೋಲಿನಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿಯಬೇಕು. ಕೇಪು ಸಿಕ್ಕಿಸುವುದು ಎಲ್ಲಕ್ಕೂ ಕೊನೆಗೆ, ಗುರಿ ಹಿಡಿಯುವ ಜಾಗದಲ್ಲಿಯೇ. ಹತ್ತಿರದಲ್ಲಿ ಒಲೆ, ಬೀಡಿ ಸಲ್ಲದೆಂಬುದನ್ನು ಮಕ್ಕಳೂ ಬಲ್ಲರು. ಅಜ್ಜ ಅಂಜುತ್ತಿದ್ದುದು ಬೆಂಕಿಗಿಂತ ಹೆಚ್ಚಾಗಿ ಮರೆವಿಗೆ. ತುಂಬಿದ ನಳಿಗೆಗೆ ಮರೆತು ಮತ್ತೊಮ್ಮೆ ತುಂಬಿದರೆ ಹೊರಗಿನಿಂದ ಏನೂ ಕಾಣದು. ಸಿಡಿದರೆ ನಳಿಗೆಯೇ ಒಡೆದೀತು. ಅದರ ಪಕ್ಕದಲ್ಲಿರುವುದು ನಮ್ಮ ಕೈ, ನಮ್ಮ ಕಣ್ಣು. ಅದಕ್ಕೆಂದೇ ಅವರು ಗಜದ ಮೇಲೆ ಎರಡು ಗೀರು ಕೊರೆದಿದ್ದರು. ಬರಿಯ ನಳಿಗೆಗೆ ಇಳಿಬಿಟ್ಟರೆ ಮೇಲಿನ ಗೀರು ಬಾಯಿಗೆ ಸಮನಾಗುತ್ತದೆ. ಒಂದು ಈಡು ತುಂಬಿದ್ದರೆ ಕೆಳಗಿನದು.

ಅಮೆರಿಕದಲ್ಲಿ ಪಿಸ್ತೂಲಿನ ಖಾಲಿ ತೋಟೆಗಳಿಗೆ ಮನೆಯಲ್ಲಿಯೇ ಮದ್ದು ತುಂಬಿಕೊಳ್ಳುವ ಹವ್ಯಾಸಿಗಳು ಬಹಳ. ಅವರದು ಹೊಗೆಯಿಲ್ಲದ, ಬಲು ತೀಕ್ಷ್ಣವಾದ ಮದ್ದು. ನಮ್ಮ ಕೋವಿಗೆ ಕರಿಮದ್ದಿನ ಅಳತೆಯಲ್ಲಿ ಅದನ್ನು ಸುರಿದರೆ ಕೋವಿಯೇ ಉಳಿಯದು. ಎಷ್ಟೋ ತೋಟೆಗಳಲ್ಲಿ ಅದು ಅರ್ಧಭಾಗವನ್ನೂ ತುಂಬುವುದಿಲ್ಲವಾದ್ದರಿಂದ ಎರಡನೆಯ ಸಲ ಸುರಿದರೂ ಸದ್ದಿಲ್ಲದೆ ಹಿಡಿಸಿಬಿಡುತ್ತದೆ. ಆದುದರಿಂದ ಎಚ್ಚರವುಳ್ಳವರು ಗುಂಡು ಕೂರಿಸುವ ಮುನ್ನ ಒಂದೊಂದು ತೋಟೆಯೊಳಗೂ ದೀಪದ ಬೆಳಕಿನಲ್ಲಿ ಇಣುಕಿ ನೋಡುತ್ತಾರೆ. ಇದನ್ನು ಓದಿ ಹೇಳಿದಾಗ ಅಜ್ಜ, “ಹಾಗಾದರೆ ಅವರೂ ನಮ್ಮವರೇ” ಎಂದರು.

2024ರ ಸೆಪ್ಟೆಂಬರ್ 3, ಕೈಲುಮುಹೂರ್ತ. ಕೋವಿಗೆ ಪೂಜೆಯಾಗಿತ್ತು. ತೆಂಗಿನಕಾಯಿಗೆ ಗುರಿಯಿಡಲು ಹೊರಡುವ ಮುಂಚೆ ಅಜ್ಜ ಜಗಲಿಯಲ್ಲಿ ಮದ್ದು ತುಂಬುತ್ತಿದ್ದರು. ಅಷ್ಟರಲ್ಲಿ ಫೋನಿಗೆ ನನ್ನ ಮೊದಲ ವರ್ಷದ ಫಲಿತಾಂಶ ಬಂದಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ವ್ರತ ಗಿತ ಎಲ್ಲ ಮರೆತು, “ಅಜ್ಜಾ, ಪಾಸಾದೆ!” ಎಂದು ಕೂಗಿಕೊಂಡು ಓಡಿದೆ.

ಅಜ್ಜ ಮಾತಾಡಿಬಿಟ್ಟರು. ಎಷ್ಟು ಬಂತು, ಇಂಗ್ಲಿಷಿನಲ್ಲಿ ಹೇಗೆ, ಎಲ್ಲವನ್ನೂ ಎರಡೆರಡು ಸಲ ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡು ಮದ್ದಿನ ಅಳತೆಯನ್ನು ಕೈಗೆತ್ತಿಕೊಂಡರು. ಸುರಿದರು, ಜಡಿದರು, ಚರೆ ಹಾಕಿದರು, ಮತ್ತೆ ಜಡಿದರು. ಕೊನೆಗೆ ವಾಡಿಕೆಯಂತೆ ಗೀರು ನೋಡಿದರು. ಕೆಳಗಿನ ಗೀರು ನಳಿಗೆಯ ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು.

ಇಬ್ಬರೂ ಅದನ್ನೇ ನೋಡಿದೆವು. ಅಜ್ಜ ನನ್ನನ್ನು ಬಯ್ಯಲಿಲ್ಲ. ಕೇಪಿನ ಡಬ್ಬಿಯನ್ನು ನನ್ನ ಕೈಗಿತ್ತು, “ಒಳಗಿಡು ಮಗಾ” ಎಂದರು. ನಳಿಗೆಗೆ ನೀರು ಹೊಯ್ದು ಕೋವಿಯನ್ನು ಮೂಲೆಗೆ ಒರಗಿಸಿದರು. ಅವರ ಕೈ ನಡುಗುತ್ತಿತ್ತು.

ಆ ವರ್ಷ ತೆಂಗಿನಕಾಯಿಗೆ ನಮ್ಮ ಮನೆಯ ಈಡು ಬೀಳಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಅಜ್ಜ, “ಮೊಮ್ಮಗಳು ಪಾಸಾದಳು” ಎಂದಷ್ಟೇ ಹೇಳಿದರು.