ಗೈರುಹಾಜರು

ಪುಣೆ ಕ್ಯಾಂಪಿನ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಗೆ ಗಣಿತ ಕಲಿಸುವ ಶಿಕ್ಷಕಿ, 2020ರ ಹಾಜರಿ ಪಟ್ಟಿಯೊಂದರ ಚಿತ್ರವನ್ನು ಈಗಲೂ ಫೋನಿನಲ್ಲಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಜುಲೈಯಿಂದ ನವೆಂಬರ್‌ವರೆಗೆ ಬರೀ ಗೈರುಹಾಜರಿಯ ಗುರುತುಗಳು. ಹಾಕಿದವರು ಅವರೇ. ತರಗತಿಯಲ್ಲಿ ತಂತ್ರಜ್ಞಾನ ಎಷ್ಟು ಬೇಕು ಎಂಬ ಚರ್ಚೆ ಸಹೋದ್ಯೋಗಿಗಳ ನಡುವೆ ಎದ್ದಾಗಲೆಲ್ಲ ಅವರಿಗೆ ಮೊದಲು ನೆನಪಾಗುವುದು ಆ ಪಟ್ಟಿ.

ಅವರು ಯಂತ್ರದ ವಿರೋಧಿಯಲ್ಲ. ಗ್ರಹಣ ಹೇಗಾಗುತ್ತದೆ ಎಂಬುದನ್ನು ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆದು ವಿವರಿಸುವುದಕ್ಕೂ ಸ್ಮಾರ್ಟ್ ಬೋರ್ಡಿನ ಮೇಲೆ ನೆರಳು ಸರಿಯುವುದನ್ನು ತೋರಿಸುವುದಕ್ಕೂ ಇರುವ ಅಂತರ ಅವರಿಗೆ ಗೊತ್ತು. ಶಾಲೆಗೆ ಬೋರ್ಡು ಬಂದಾಗ ಎಲ್ಲರಿಗಿಂತ ಮೊದಲು ಅದನ್ನು ಕಲಿತವರೂ ಅವರೇ. ಆದರೆ ಬೋರ್ಡು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ ಮಾತ್ರ.

ಕ್ಯಾಂಪು ಹಾಗೆ ಒಂದೇ ಭಾಷೆಯ ಜಾಗವಲ್ಲ. 1817ರ ಖಡಕಿ ಕಾಳಗದ ನಂತರ ಬ್ರಿಟಿಷರು ಬೆಳೆಸಿದ ಈ ದಂಡು ಪ್ರದೇಶಕ್ಕೆ ಮರಾಠಿಗರು ಇಂದಿಗೂ ಲಷ್ಕರ್ ಎನ್ನುತ್ತಾರೆ. ಶಿವಾಜಿ ಮಾರ್ಕೆಟ್ಟಿನಿಂದ ಎಂ.ಜಿ. ರಸ್ತೆಗೆ ನಡೆದು ಬರುವಷ್ಟರಲ್ಲಿ ಮರಾಠಿ, ಹಿಂದಿ, ಉರ್ದು, ಗುಜರಾತಿ, ತೆಲುಗು, ತಮಿಳು ಎಲ್ಲ ಕಿವಿಗೆ ಬೀಳುತ್ತವೆ. ಕನ್ನಡವೂ ಬೀಳುತ್ತದೆ. ಆ ಹುಡುಗನ ಮನೆಯದು ಕನ್ನಡ. ಇಂಡಿ ತಾಲ್ಲೂಕಿನಿಂದ ಬಂದ ಅಪ್ಪ ಅಪಾರ್ಟ್‌ಮೆಂಟ್ ಒಂದರ ಕಾವಲುಗಾರ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ಇಟ್ಟ ಶೇಕಡಾ 25ರ ಪಾಲಿನಲ್ಲಿ ಹುಡುಗನಿಗೆ ಸೀಟು ಸಿಕ್ಕಿತ್ತು. ತರಗತಿಯಲ್ಲಿ ಅವನು ತುಟಿ ಬಿಚ್ಚಿದ್ದು ಕಡಿಮೆ. ಶಿಕ್ಷಕಿ ಅವನನ್ನು ‘ನಿಧಾನ’ ಎಂದು ಗುರುತಿಸಿಕೊಂಡಿದ್ದರು.

ಲಾಕ್‌ಡೌನಿನಲ್ಲಿ ಪಾಠ ಫೋನಿಗೆ ಬಂತು. ಬೆಳಿಗ್ಗೆ 10ಕ್ಕೆ ಗಣಿತ. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ರಾತ್ರಿ 8ಕ್ಕೆ ಮರಳುತ್ತಿತ್ತು. ಇದನ್ನು ಯಾರೂ ಕೇಳಲಿಲ್ಲ, ಹುಡುಗನ ಮನೆಯವರು ಹೇಳಲೂ ಇಲ್ಲ. ಪರದೆಯ ಮೇಲೆ ಅವನ ಚೌಕ ಮೂಡಲಿಲ್ಲ, ಪಟ್ಟಿಯಲ್ಲಿ ಗೈರುಹಾಜರಿ ಬಿತ್ತು.

ಆ ವರ್ಷದ ಡಿಸೆಂಬರ್ 3ರಂದು ಒಂದು ಸುದ್ದಿ ಬಂತು. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರಿಗೆ 10 ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರಶಸ್ತಿ. ಗೆದ್ದ ಹಣದಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ 9 ಶಿಕ್ಷಕರಿಗೆ ಹಂಚಿದರು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದ ಮೇಷ್ಟ್ರು ಎಂದು ಎಲ್ಲರೂ ಹೊಗಳಿದರು. ಅವರ ಪ್ರಯೋಗದ ನಂತರ ಮಹಾರಾಷ್ಟ್ರ ಅದನ್ನು ರಾಜ್ಯದ ಪುಸ್ತಕಗಳಿಗೆ ತಂದಿತು, ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಅದು ಬಂತು.

ಶಿಕ್ಷಕಿಯ ಕಣ್ಣು ನಿಂತದ್ದು ಬೇರೆ ಸಾಲಿನ ಮೇಲೆ. ಡಿಸಲೆ 2009ರಲ್ಲಿ ಆ ಶಾಲೆಗೆ ಹೋದಾಗ ಅದು ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಇದ್ದ ಮುರುಕು ಕಟ್ಟಡ. ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಮಾತ್ರ ಅವರ ಭಾಷೆಯಲ್ಲಿರಲಿಲ್ಲ. ಮರಾಠಿಯ ಆ ಮೇಷ್ಟ್ರು ಊರಲ್ಲೇ ಉಳಿದು ಕನ್ನಡ ಕಲಿತರು. ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವಂತೆ ಮತ್ತೆ ರೂಪಿಸಿದರು. ಪುಟದ ಕೋಡಿಗೆ ಫೋನು ಹಿಡಿದರೆ ಪದ್ಯ, ಪಾಠ, ಕತೆಗಳು ಕನ್ನಡದಲ್ಲಿ ಬರುತ್ತಿದ್ದವು.

ಶಿಕ್ಷಕಿಯ ತವರು ಅದೇ ಜಿಲ್ಲೆಯ ಅಕ್ಕಲಕೋಟೆ. ಅವರ ಮನೆಮಾತೂ ಕನ್ನಡವೇ. 18 ವರ್ಷದ ನೌಕರಿಯಲ್ಲಿ ತರಗತಿಯೊಳಗೆ ಒಂದು ಕನ್ನಡ ಪದವನ್ನೂ ಅವರು ಆಡಿರಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಅದು ತಪ್ಪು ಎಂದು ಯಾರೂ ಹೇಳಿರಲಿಲ್ಲ, ಅವರೇ ಅಂದುಕೊಂಡಿದ್ದರು.

ಅಂದು ರಾತ್ರಿ 8:30ಕ್ಕೆ ಅವರು ಹುಡುಗನ ಅಪ್ಪನ ಸಂಖ್ಯೆಗೆ ಧ್ವನಿ ಸಂದೇಶ ಕಳಿಸಿದರು: “ತಮ್ಮಾ, ಅರ್ಧಾ ಕಿಲೊ ಸಕ್ರಿಯೊಳಗ ಪಾವ್ ಕಿಲೊದ ಪುಡಿಕಿ ಎಷ್ಟು ಆಗ್ತಾವ?” ಸ್ವಲ್ಪ ಹೊತ್ತಿಗೆ ಮರುಸಂದೇಶ ಬಂತು. ಅದರಲ್ಲಿ ಉತ್ತರ ಇರಲಿಲ್ಲ. “ಟೀಚರ, ನಿಮಗ ಕನ್ನಡ ಬರ್ತದೇನ್ರಿ?” ಎಂಬ ಪ್ರಶ್ನೆ ಇತ್ತು. ಅದರ ಹಿಂದೆಯೇ ಇನ್ನೊಂದು: “ಎರಡ್ರಿ. ಒಂದ್ ಕಿಲೊದಾಗ ನಾಕು.”

ನಿಧಾನದ ಹುಡುಗ ಕೇಳದ ಲೆಕ್ಕಕ್ಕೂ ಉತ್ತರ ಕೊಟ್ಟಿದ್ದ.

ಅಪ್ಪನಿಗೆ ಇದು ಹಿಡಿಸಲಿಲ್ಲ. “ಕನ್ನಡ ಮನ್ಯಾಗ ಐತ್ರಿ ಬಾಯಿ, ಇಂಗ್ಲಿಷ್ ಕಲೀಲಿ ಅಂತ ನಿಮ್ಮ ಸಾಲಿಗೆ ಹಾಕೀವಿ” ಎಂದರು. ಆ ಮಾತು ಸುಳ್ಳಲ್ಲ, ಇಂಗ್ಲಿಷಿಗಾಗಿಯೇ ಅವರು ಮಗನನ್ನು ಇಲ್ಲಿಗೆ ಕಳಿಸಿದ್ದು. ಅಂದಿನಿಂದ ಶಿಕ್ಷಕಿ ದಿನಕ್ಕೆ ಎರಡು ಸಂದೇಶ ಕಳಿಸತೊಡಗಿದರು, ಮೊದಲು ಕನ್ನಡದಲ್ಲಿ ಲೆಕ್ಕ, ಆಮೇಲೆ ಅದೇ ಲೆಕ್ಕ ಇಂಗ್ಲಿಷಿನಲ್ಲಿ. ಕೆಲವು ವಾರಗಳಲ್ಲಿ ಹುಡುಗ ಎರಡನೆಯದಕ್ಕೂ ಉತ್ತರಿಸತೊಡಗಿದ.

ಈಗ ಅವರ ಅಭಿಪ್ರಾಯ ಸರಳ. ಹೊಸ ಸಾಧನ ಬಂದಾಗ ಅದು ಏನೇನು ಮಾಡಬಲ್ಲದು ಎಂದು ಅವರು ಮೊದಲು ಕೇಳುವುದಿಲ್ಲ. ಅದು ಮಗುವಿನ ಕೈಗೆ ಯಾವ ಹೊತ್ತಿಗೆ ಸಿಗುತ್ತದೆ, ಯಾವ ಭಾಷೆಯಲ್ಲಿ ಮಾತಾಡುತ್ತದೆ, ಮಗು ತಿರುಗಿ ಮಾತಾಡಿದರೆ ಕೇಳಿಸಿಕೊಳ್ಳುವವರು ಯಾರು ಎಂದು ಕೇಳುತ್ತಾರೆ. ಡಿಸಲೆಯವರ ಪುಸ್ತಕದಲ್ಲಿ ಕೋಡು ಕೆಲಸ ಮಾಡಿದ್ದು ಅದರ ಹಿಂದೆ ಭಾಷೆ ಕಲಿತ ಮೇಷ್ಟ್ರು ಇದ್ದುದರಿಂದ. ಆ ಭಾಗವನ್ನು ಯಾವ ಸರಕಾರವೂ ಪುಸ್ತಕದಲ್ಲಿ ಅಚ್ಚು ಹಾಕಿಸಲಾರದು.

ಅವರಿಗೆ ತೆಲುಗು ಬರುವುದಿಲ್ಲ. ತೆಲುಗಿನ ಮಗುವೊಂದು ಈ ವರ್ಷ ಮುಂದಿನ ಬೆಂಚಿನಲ್ಲಿದೆ. ಅದರ ತಾಯಿಯನ್ನು ಶನಿವಾರ ಕರೆಸಿ, ಹತ್ತು ಲೆಕ್ಕಗಳನ್ನು ಅವರ ಬಾಯಲ್ಲೇ ಹೇಳಿಸಿ ಫೋನಿನಲ್ಲಿ ಹಿಡಿದುಕೊಂಡಿದ್ದಾರೆ. ಶಾಲೆಯೊಳಗೆ ಬಂದು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು ಎಂದು ಆ ತಾಯಿ ಹೇಳಿದರಂತೆ.

2020ರ ಪಟ್ಟಿಯನ್ನು ತಿದ್ದಲು ಈಗ ಆಗುವುದಿಲ್ಲ. ಅದರಲ್ಲಿ ಹುಡುಗನ ಹೆಸರಿನ ಮುಂದೆ ಐದು ತಿಂಗಳ ಗೈರುಹಾಜರಿ ಹಾಗೇ ಇದೆ. ಆ ಐದು ತಿಂಗಳು ಅಲ್ಲಿ ಇಲ್ಲದವರು ಯಾರು ಎಂದು ಅವರನ್ನು ಕೇಳಿದರೆ, ಹುಡುಗನ ಹೆಸರು ಹೇಳುವುದಿಲ್ಲ.