ಇನ್ನೂ ಓದ್ತಾ ಇದೀಯಾ?

ನಮ್ಮ ಸೋಗಾನೆಯ ಕಡೆ ಮಕ್ಕಳ ಓದಿಗೆ ಒಂದು ಅಳತೆಗೋಲಿದೆ. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಡಿಗ್ರಿ, ಹೆಚ್ಚೆಂದರೆ ಒಂದು ಬಿ.ಎಡ್. ಆಮೇಲೆ ಕೆಲಸ ಸಿಗಬೇಕು, ಇಲ್ಲವೇ ಮದುವೆಯಾಗಬೇಕು. ಈ ಗೋಲಿನಿಂದಾಚೆ ಯಾರಾದರೂ ಕಾಲಿಟ್ಟರೆ ಜನಕ್ಕೆ ಗಾಬರಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಾಳೆ. ಬುತ್ತಿ ಹಿಡಿದು ಬಸ್ಸಿಗೆ ನಿಂತರೆ ಸಾಕು, ಯಾರಾದರೊಬ್ಬರು ಕೇಳೇ ಕೇಳುತ್ತಾರೆ: “ಏನವ್ವಾ, ಇನ್ನೂ ಓದ್ತಾ ಇದೀಯಾ?”

ಅವಳು ಓದುತ್ತಿಲ್ಲ, ದುಡಿಯುತ್ತಿದ್ದಾಳೆ. ಅಡಿಕೆ ತೋಟದ ಮಣ್ಣಿನಲ್ಲಿ ಎಂತೆಂಥ ಬೂಷ್ಟು ಬೆಳೆಯುತ್ತದೆ ಎಂಬುದು ಅವಳ ವಿಷಯ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ಮಣ್ಣು ತರುವುದು, ಉಳಿದ ಕಾಲದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು. ಇದಕ್ಕೆ ಅವಳಿಗೆ ಫೆಲೋಶಿಪ್ ಬರುತ್ತದೆ. ಆ ದುಡ್ಡಿನಲ್ಲೇ ತಮ್ಮನ ಕಾಲೇಜಿನ ಫೀಸೂ ನಡೆದಿದೆ. ಇದು ಊರಿಗೆ ಗೊತ್ತಿಲ್ಲ.

ಶಂಕರಘಟ್ಟದ ವಿಶ್ವವಿದ್ಯಾಲಯ ಆದದ್ದು 1987ರಲ್ಲಿ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮನೆಯಿಂದಲೇ ಓಡಾಡಿಕೊಂಡು ಡಾಕ್ಟರೇಟ್ ಮಾಡುವಂತಾದದ್ದು ಸಣ್ಣ ಸಂಗತಿಯಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿದ್ದಾಗಲೇ ‘ಸಂಸ್ಕಾರ’ ಬರೆದರು. ಅವರ ಪ್ರಬಂಧ ಯಾವುದರ ಮೇಲೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಾದಂಬರಿ ಮಾತ್ರ ಎಲ್ಲರಿಗೂ ಗೊತ್ತು. ಆದರೆ ಇದನ್ನು ನಮ್ಮ ಹುಡುಗಿಗೆ ಹೇಳಿ ಪ್ರಯೋಜನವಿಲ್ಲ. ಬೂಷ್ಟಿನ ಮೇಲೆ ಕಾದಂಬರಿ ಬರೆಯಲಾಗುವುದಿಲ್ಲ.

ಒಂದು ಭಾನುವಾರ ಅವಳು ನಮ್ಮ ಜಗಲಿಯಲ್ಲಿ ಕೂತು, “ಮೇಡಂ, ಮುಂದೇನು ಅಂತ ತಿಳೀತಿಲ್ಲ” ಅಂದಳು. ನಾನು ಬಿ.ಎ., ಬಿ.ಎಡ್. ಮಾಡಿದವಳು, ಸಂಶೋಧನೆಯ ಗಂಧವಿಲ್ಲ. ಆದರೆ ಟೈಂಟೇಬಲ್ ಹಾಕುವುದು ಬರುತ್ತದೆ. ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ವರ್ಷಗಳನ್ನು ಬರೆಸಿದೆ. ಆಗಲೇ ಗಂಟು ಕಂಡದ್ದು. ಯು.ಜಿ.ಸಿ.ಯ ಜೆ.ಆರ್.ಎಫ್. ಎರಡು ವರ್ಷ, ಎಸ್.ಆರ್.ಎಫ್. ಮೂರು ವರ್ಷ, ಒಟ್ಟು ಐದು. 2023ರ ಜನವರಿಯಿಂದ ತಿಂಗಳಿಗೆ 37,000 ಮತ್ತು 42,000 ರೂಪಾಯಿ ಮಾಡಿದ್ದಾರೆ, ಒಳ್ಳೆಯದೇ. ಆದರೆ 2022ರ ನಿಯಮದಂತೆ ಪಿಎಚ್.ಡಿ. ಮುಗಿಸಲು ಆರು ವರ್ಷದ ಅವಕಾಶ, ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು. ಕಾಲ ಉಂಟು, ಕಾಸಿಲ್ಲ. ಈ ಕೊನೆಯ ಬರಗಾಲದಲ್ಲೇ ಎಷ್ಟೋ ಮಕ್ಕಳು ಪ್ರಬಂಧ ಅರ್ಧಕ್ಕೆ ಬಿಟ್ಟು ಯಾವುದೋ ಕಾಲೇಜಿನ ಅತಿಥಿ ಉಪನ್ಯಾಸಕರಾಗುತ್ತಾರೆ. (ಅತಿಥಿ ಎಂಬ ಪದಕ್ಕೆ ಇಷ್ಟು ಬಡತನ ಬಂದದ್ದು ನಮ್ಮ ಕಾಲದಲ್ಲೇ.) ಅವಳು ನಾಲ್ಕನೆಯ ವರ್ಷ ಮುಗಿಸಿದ್ದಳು.

“ಲೆಕ್ಚರರ್ ಆಗ್ತೀನಲ್ಲ” ಅಂದಳು. ಆ ಬಾಗಿಲು ಯಾವಾಗ ತೆರೆಯುತ್ತದೆ? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 2021ರಲ್ಲಿ ಕರೆದದ್ದು ಇಡೀ ರಾಜ್ಯಕ್ಕೆ, ಎಲ್ಲ ವಿಷಯಕ್ಕೂ ಸೇರಿ 1,242 ಹುದ್ದೆ. ನಿಯಮವೂ ಒಂದೇ ಕಡೆ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಪಿಎಚ್.ಡಿ. ಕಡ್ಡಾಯ ಎಂದು 2018ರಲ್ಲಿ ಬರೆದರು, 2021ಕ್ಕೆ ಜಾರಿ ಎಂದರು, 2023ಕ್ಕೆ ತಳ್ಳಿದರು, ಆ ಜುಲೈ ಬಂದಾಗ ನೆಟ್ ಅಥವಾ ಸೆಟ್ ಆಗಿದ್ದರೆ ಸಾಕು ಎಂದರು. 2024ರ ಜೂನ್ 18ರಂದು ನೆಟ್ ಪರೀಕ್ಷೆ ಬರೆದವರಿಗೆ ಮಾರನೆಯ ದಿನವೇ ಅದು ರದ್ದಾಯಿತು. ಇಂಥದರ ಮೇಲೆ ಒಂದೇ ಗೂಟ ನೆಟ್ಟು ಕೂರಬಾರದು ಅಂತ ನನ್ನ ಅಭಿಪ್ರಾಯ.

ಅವಳ ಹಿರಿಯ ಸಹಪಾಠಿಗಳು ಎಲ್ಲೆಲ್ಲಿದ್ದಾರೆ ಕೇಳಿಕೊಂಡು ಬಾ ಎಂದೆ. ಬಂದು ಹೇಳಿದಳು: ಒಬ್ಬಾತ ಬೆಂಗಳೂರಿನ ಔಷಧ ಕಂಪನಿಯಲ್ಲಿ, ಒಬ್ಬಾಕೆ ಜೈವಿಕ ಗೊಬ್ಬರ ತಯಾರಿಸುವವರ ಹತ್ತಿರ, ಇನ್ನೊಬ್ಬ ಪೋಸ್ಟ್‌ಡಾಕ್ ಎಂದು ಹೊರದೇಶದಲ್ಲಿ. ಅವನು ಪ್ರಬಂಧ ಒಪ್ಪಿಸುವ ಒಂದು ವರ್ಷ ಮೊದಲೇ ಪ್ರೊಫೆಸರುಗಳಿಗೆ ಪತ್ರ ಬರೆಯಲು ಶುರು ಮಾಡಿದ್ದನಂತೆ. ಇಷ್ಟು ದಿನ ಒಂದೇ ಕಾರಿಡಾರಿನಲ್ಲಿ ಓಡಾಡಿದ ಇವಳು ಇದನ್ನು ಕೇಳಿರಲೇ ಇಲ್ಲ! ನಮ್ಮ ಮಕ್ಕಳಿಗೆ ನಾಚಿಕೆ ಜಾಸ್ತಿ. 2023ರಿಂದ ಸೋಗಾನೆಯಲ್ಲೇ ವಿಮಾನ ಇಳಿಯುತ್ತದೆ, ಏರುತ್ತದೆ. ಅದು ನಮ್ಮನ್ನೂ ಕೂರಿಸಿಕೊಳ್ಳಬಹುದು ಎಂಬ ಯೋಚನೆ ಮಾತ್ರ ಇನ್ನೂ ಬಂದಿಲ್ಲ.

ಉಳಿದದ್ದು ಮಾರ್ಗದರ್ಶಕರ ಹತ್ತಿರ ಮಾತು. ಅವರಿಗೆ ಇನ್ನೊಂದು ಮಳೆಗಾಲದ ಮಣ್ಣು ಬೇಕಾಗಿತ್ತು. ಇನ್ನೊಂದು ಮಳೆಗಾಲ ಎಂದರೆ ಇನ್ನೊಂದು ವರ್ಷ. ಎದುರು ಮಾತಾಡಿದರೆ ಎಲ್ಲಿ ಮುನಿಯುತ್ತಾರೋ ಎಂದು ಇವಳಿಗೆ ಭಯ, ಸಹಿ ಅವರದ್ದಲ್ಲವೇ? ಎರಡು ವಾರ ಮುಂದೂಡಿದಳು. ಕೊನೆಗೆ ಹಾಜರಿ ಪುಸ್ತಕದ ಆ ಹಾಳೆಯನ್ನೇ ಮೇಜಿನ ಮೇಲಿಟ್ಟಳಂತೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, “ದುಡ್ಡು ಯಾವಾಗ ನಿಲ್ಲುತ್ತೆ ಅಂತ ನೀನು ಹೇಳಲೇ ಇಲ್ವಲ್ಲಮ್ಮ” ಅಂದರಂತೆ. ಇದ್ದ ಮೂರು ಮಳೆಗಾಲದ ಮಾದರಿಗಳಲ್ಲೇ ಪ್ರಬಂಧ ಮುಗಿಸುವುದು, ಉಳಿದದ್ದನ್ನು ಆಮೇಲೆ ಬೇರೆ ಲೇಖನವಾಗಿ ಬರೆಯುವುದು ಎಂದಾಯಿತು.

ಈ ಸಲ ಮುಂಗಾರು ಹಿಡಿದಾಗ ಅವಳು ತೋಟಗಳಿಗೆ ಹೋಗಲಿಲ್ಲ. ನಾಲ್ಕನೆಯ ಅಧ್ಯಾಯ ಬರೆಯುತ್ತಿದ್ದಾಳೆ. ಹೊರದೇಶದ ಇಬ್ಬರು ಪ್ರೊಫೆಸರುಗಳಿಗೂ, ಆ ಗೊಬ್ಬರದವರಿಗೂ ಪತ್ರ ಹೋಗಿದೆ. ಗೊಬ್ಬರದವರು ಮಾತ್ರ ಬಂದು ಕಾಣಲು ಹೇಳಿದ್ದಾರೆ.