ಕೊಡಚಾದ್ರಿಯ ಜೀಪು, ಮಗನ ಥಾರ್

ಕೋಪರಖೈರಣೆಯ ನಮ್ಮ ಮನೆಯ ಕಿಟಕಿಯಿಂದ ಪಾರಸಿಕ್ ಗುಡ್ಡ ಕಾಣುತ್ತದೆ. ಮಳೆಗಾಲದಲ್ಲಿ ಅದು ಹಸಿರಾದಾಗೆಲ್ಲ ಊರು ನೆನಪಾಗುವುದು ನನ್ನ ಹಳೆಯ ಚಾಳಿ. ಈ ಸಲ ಕಾರಣ ಬೇರೆ. ಸಾಲ ಮಾಡಿ ಥಾರ್ ಕೊಂಡ ಮಗ, ದೀಪಾವಳಿ ರಜೆಯಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕೊಡಚಾದ್ರಿಗೆ ಹೊರಟಿದ್ದಾನೆ.

"ಪಪ್ಪಾ, ಅಲ್ಲಿ ಮಸ್ತ್ ಆಫ್‌ರೋಡ್ ಟ್ರ್ಯಾಕ್ ಇದೆಯಂತೆ. ನೀವೂ ಅಜ್ಜಿಯನ್ನು ಜೀಪಿನಲ್ಲೇ ಕರ್ಕೊಂಡು ಹೋಗಿದ್ದಲ್ವಾ?"

ಹೌದು, ಹೋಗಿದ್ದೆ. ಅದೇ ನನ್ನ ಬಾಯಿ ಕಟ್ಟಿದ್ದು.

ಅಮ್ಮನಿಗೆ ಆಗ ಎಪ್ಪತ್ತನಾಲ್ಕು. ಮೊಣಕಾಲು ಹೋಗಿತ್ತು. ಹುಡುಗಿಯಾಗಿದ್ದಾಗ ನಡೆದು ಹತ್ತಿದ್ದ ಬೆಟ್ಟದ ಮೂಲ ಮೂಕಾಂಬಿಕೆಯನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ. ಮತ್ಸ್ಯಗಂಧದಲ್ಲಿ ಬೈಂದೂರಿಗೆ ಬಂದು, ಕೊಲ್ಲೂರಿನಲ್ಲಿ ಜೀಪು ಹಿಡಿದೆವು. ನಿಟ್ಟೂರು ದಾಟಿ ಕಟ್ಟಿನಹೊಳೆಯವರೆಗೆ ಸರಿ. ಆಮೇಲಿನ ಹತ್ತು ಕಿಲೋಮೀಟರಿನಷ್ಟು ದಾರಿಯಲ್ಲಿ ಅಮ್ಮ ಒಂದು ಕೈಯಲ್ಲಿ ಕಬ್ಬಿಣದ ಸರಳನ್ನೂ ಇನ್ನೊಂದರಲ್ಲಿ ನನ್ನ ತೊಡೆಯನ್ನೂ ಹಿಡಿದಿದ್ದಳು. ಉಗುರಿನ ಗುರುತು ಎರಡು ದಿನ ಇತ್ತು.

ಒಂದು ಏರಿನಲ್ಲಿ ದಾರಿ ಮೂರು ಕವಲಾಗಿತ್ತು. ಯಾವುದು ಎಲ್ಲಿಗೆ ಎಂದು ಕೇಳಿದೆ. ಜೀಪಿನವ ನಕ್ಕ.

"ಮೂರೂ ಒಂದೇ ಕಡೆಗೆ ಸರ್. ಮೊದಲು ಒಂದೇ ಇತ್ತು. ಕೊರಕಲು ಆಳ ಆದ್ರೆ ಹಿಂದಿನವ ಪಕ್ಕದ ಹುಲ್ಲಿನ ಮೇಲೆ ಹತ್ತಿಸ್ತಾನೆ. ಅದೂ ಹಾಳಾದ್ರೆ ಮತ್ತೊಬ್ಬ ಅದರಾಚೆ. ನಾವಾದ್ರೆ ಕಲ್ಲು ತುಂಬಿಸ್ತೇವೆ, ಸ್ಪ್ರಿಂಗ್ ಪ್ಲೇಟು ತುಂಡಾಗುದು ನಮ್ದಲ್ವಾ? ಪೇಟೆಯಿಂದ ಬರುವವರಿಗೆ ಗುಂಡಿ ಇದ್ದಷ್ಟೂ ಖುಷಿ."

ಈ ಮಾತು ತಲೆಯಲ್ಲಿ ಉಳಿಯಿತು. ಹೊಟ್ಟೆಪಾಡಿನವನಿಗೆ ದಾರಿ ಸರಿಯಿರಬೇಕು, ಮೋಜಿನವನಿಗೆ ಕೆಟ್ಟಿರಬೇಕು. ಇಬ್ಬರೂ ಓಡಿಸುವುದು ಮೂಕಾಂಬಿಕಾ ಅಭಯಾರಣ್ಯದ ಬೆಟ್ಟದಲ್ಲೇ. ಸೌಪರ್ಣಿಕೆ ಹುಟ್ಟುವ ಬೆಟ್ಟ ಅದು. ಅಲ್ಲಿನ ಮಳೆ ಗೊತ್ತಲ್ಲ, ಚಕ್ರದ ಕೊರಕಲೇ ಅದಕ್ಕೆ ಕಾಲುವೆ. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ಒಂದೇ ಮಳೆಗಾಲಕ್ಕೆ ಕೆಳಗೆ. ಮದ್ದು ಏನೂ ಗುಟ್ಟಲ್ಲ: ದಾರಿ ಒಂದೇ ಇರಬೇಕು, ಅಡ್ಡದಾರಿಗೆ ಬಂಡೆ ಉರುಳಿಸಬೇಕು, ಇಳಿಜಾರಿಗೆ ಅಡ್ಡವಾಗಿ ಚರಂಡಿ ಕಡಿದು ನೀರನ್ನು ಆಗಾಗ ಬದಿಗೆ ಬಿಡಬೇಕು, ಮಳೆಗಾಲದಲ್ಲಿ ಗೇಟು ಹಾಕಬೇಕು. ಮತ್ತೆ, ಗಾಡಿ ಎಣಿಸಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನಜಾತ್ರೆ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ಮುಳ್ಳಯ್ಯನಗಿರಿ ಕಡೆಯ ವಾಹನಗಳಿಗೆ 2025ರ ಸೆಪ್ಟೆಂಬರಿನಿಂದ ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಳಿ. ನಮ್ಮ ಹತ್ತಿರದ ಮಾಥೇರಾನಿನಲ್ಲಂತೂ ಎಂಥ ಗಾಡಿಯವನೂ ದಸ್ತೂರಿ ನಾಕಾದಲ್ಲೇ ಇಳಿಯಬೇಕು. ಇಳಿದವರು ಯಾರೂ ಸತ್ತಿಲ್ಲ.

ಆದರೆ ಪೂರ್ತಿ ನಿಲ್ಲಿಸಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಜೀಪು ಇಲ್ಲದಿದ್ದರೆ ಅಮ್ಮನಿಗೆ ಬೆಟ್ಟ ಇರಲಿಲ್ಲ. ಗುಡಿಯ ಮುಂದೆ ಕೂತು, ಕೈಮುಗಿದು, ಬಂದ ದಾರಿಯ ಕಡೆಗೆ ತಿರುಗಿ ಅವಳು ಅಂದದ್ದು ಇಷ್ಟೇ: "ನಾವ್ ಬಪ್ಪತಿಗೆ ಇಲ್ಲ್ ದಾರಿಯೇ ಕಾಂತಿರ್ಲಿಲ್ಲ ಮಗಾ." ಬೇಸರವೋ, ಬೆರಗೋ, ನಾನು ಕೇಳಲಿಲ್ಲ. ಮರುವರ್ಷ ಅವಳು ಹೋದಳು.

ಮಗನಿಗೆ ಹೇಳಿದೆ, "ಥಾರ್ ಕೆಳಗೆ ನಿಲ್ಸು. ಮೇಲಕ್ಕೆ ಅಲ್ಲಿನವರ ಜೀಪಿನಲ್ಲಿ ಹೋಗು, ಇಲ್ಲ ನಡಿ. ನಿನ್ನ ಕಾಲಿಗೇನಾಗಿದೆ?"

"ಮತ್ತೆ ಈ ಗಾಡಿ ತಗೊಂಡಿದ್ದು ಯಾಕೆ ಪಪ್ಪಾ, ವಾಶಿಯ ಸಿಗ್ನಲ್‌ನಲ್ಲಿ ನಿಲ್ಲೋಕಾ?"

ಉತ್ತರ ಹೊಳೆಯಲಿಲ್ಲ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಆ ಜೀಪಿನವನ ನಂಬರು ಕೇಳಿದ. ಹಳೆಯ ಡೈರಿಯಲ್ಲಿ ಹುಡುಕಿ ಕೊಟ್ಟೆ. ಫೋನು ಮಾಡಿದನೋ ಇಲ್ಲವೋ ತಿಳಿಯದು. ಥಾರಿಗೆ ದೊಡ್ಡ ಹಲ್ಲಿನ ಹೊಸ ಟಯರು ಬಿದ್ದಿರುವುದಂತೂ ಕೆಳಗೆ ಪಾರ್ಕಿಂಗಿನಲ್ಲಿ ಕಾಣುತ್ತಿದೆ.